ವಿದೇಶದ ಮೂರು ತಿಂಗಳು: ಯಾರಿಗೆ, ಯಾವ ಕೆಲಸಕ್ಕೆ?

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಒಂದು ರೈಲು ಹಳಿ ಚಿತ್ರದುರ್ಗದ ಕಡೆಗೆ ಕವಲೊಡೆಯುತ್ತದೆ, ಇನ್ನೊಂದು ದಾವಣಗೆರೆಯತ್ತ ಮುಂದುವರಿಯುತ್ತದೆ. ಯಾವ ಹಳಿ ಹಿಡಿದರೂ ಸಿಗುವುದು ಒಂದೇ ವಿಶ್ವವಿದ್ಯಾಲಯ. 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ಮುಖ್ಯ ಆವರಣ ತೋಳಹುಣಸೆಯಲ್ಲಿದೆ. ಅದರ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಪಕ್ಕದ ಗುಡ್ಡದ ರಂಗವ್ವನಹಳ್ಳಿಯಲ್ಲಿದೆ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಕಾಲೇಜುಗಳಲ್ಲಿ ಬಿ.ಎಸ್ಸಿ. ಮುಗಿಸಿ ಮುಂದೆ ಓದಬೇಕೆನ್ನುವ ಮಕ್ಕಳಿಗೆ ಹತ್ತಿರದ ಬಾಗಿಲು ಇದೇ. ಚಿತ್ರದುರ್ಗ ಜಿಲ್ಲೆಯದೇ ಆದ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ನೆಲ ಸಿಕ್ಕಿ ಎರಡನೆಯ ಆವರಣ ಎದ್ದಿದೆ. ಆ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುವವರಿಗೆ ಹೊರದೇಶದ ಪ್ರಯೋಗಾಲಯದಲ್ಲಿ ಕೆಲವು ತಿಂಗಳು ಕೆಲಸ ಮಾಡಿ ಬರುವುದು ದೂರದ ಮಾತಲ್ಲ. ಜಿಲ್ಲೆಯ ಉಳಿದ ವಿದ್ಯಾರ್ಥಿಗಳಿಗೆ ಅದು ಪತ್ರಿಕೆಯಲ್ಲಿ ಫೋಟೋ ಬರುವಂಥ ಸುದ್ದಿ. ಈ ಅಂತರ ಬರೀ ಪ್ರತಿಭೆಯ ಅಂತರವೆಂದು ನಾನು ನಂಬುವುದಿಲ್ಲ. ಅಲ್ಪಾವಧಿಯ ಸಂಶೋಧನಾ ವಿನಿಮಯದ ಬಹುಪಾಲು ಫಲ ವಿದ್ಯಾರ್ಥಿ ವಿಮಾನ ಹತ್ತುವ ಮೊದಲೇ ನಿರ್ಧಾರವಾಗಿರುತ್ತದೆ ಎಂಬುದು ನನ್ನ ವಾದ. ಹೊತ್ತೊಯ್ಯುವ ಪ್ರಶ್ನೆ ತನ್ನ ನೆಲದ್ದಾಗಿ, ಮರಳಿದ ಮೇಲೆ ಅದನ್ನು ಮುಂದುವರಿಸಲು ಇಲ್ಲಿ ಒಂದು ಮೇಜು, ಒಬ್ಬ ಮಾರ್ಗದರ್ಶಕರು ಇದ್ದರೆ ಮೂರು ತಿಂಗಳು ಸಾಕು. ಅದಿಲ್ಲದಿದ್ದರೆ ವರ್ಷವೂ ಸಾಲದು. ಹಾಗೆ ನೋಡಿದರೆ ಸಣ್ಣ ಊರುಗಳ ವಿಶ್ವವಿದ್ಯಾಲಯಗಳಿಗೆ ಈ ಅವಕಾಶ ಈಗಿನದಕ್ಕಿಂತ ಹೆಚ್ಚು ಸಿಗಬೇಕು, ಮತ್ತು ಈಗಿನದಕ್ಕಿಂತ ಬೇರೆ ರೀತಿಯಲ್ಲಿ ಸಿಗಬೇಕು.

ಯೋಜನೆಗಳಿಗೇನೂ ಬರವಿಲ್ಲ. 2007ರಲ್ಲಿ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಜೊತೆ ಆರಂಭವಾದ ಖೊರಾನಾ ಕಾರ್ಯಕ್ರಮ ಭಾರತದ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಅಮೆರಿಕದ ಜೀವವಿಜ್ಞಾನ ಪ್ರಯೋಗಾಲಯಗಳಿಗೆ ಕಳಿಸಿತು, ಎಸ್.ಎನ್. ಬೋಸ್ ಹೆಸರಿನ ಇನ್ನೊಂದು ಕಾರ್ಯಕ್ರಮ ಅದೇ ದಾರಿ ಹಿಡಿಯಿತು. ಫ್ರಾನ್ಸಿನೊಂದಿಗೆ 2013ರಲ್ಲಿ ಘೋಷಣೆಯಾದ ರಾಮನ್–ಚಾರ್ಪಾಕ್ ಫೆಲೋಶಿಪ್ ಪಿಎಚ್.ಡಿ. ವಿದ್ಯಾರ್ಥಿಗೆ 2ರಿಂದ 6 ತಿಂಗಳ ಅವಧಿ ಕೊಟ್ಟರೆ, ಬ್ರಿಟನ್ನಿನ ನ್ಯೂಟನ್–ಭಾಭಾ ಯೋಜನೆ 2ರಿಂದ 4 ತಿಂಗಳು ಕೊಟ್ಟಿತು. ಜಪಾನಿನ ಸಕುರಾ ವಿಜ್ಞಾನ ಕಾರ್ಯಕ್ರಮ 2014ರಿಂದ ಏಷ್ಯಾದ ಯುವಜನರನ್ನು ವಾರಗಟ್ಟಲೆಯ ಭೇಟಿಗೆ ಕರೆಸಿಕೊಳ್ಳುತ್ತಿದೆ. ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಒಂದು ವರ್ಷದವರೆಗಿನ ಫೆಲೋಶಿಪ್ ನಡೆಸಿತ್ತು. ಈಗ ಆ ಮಂಡಳಿ 2023ರ ಕಾಯ್ದೆಯಂತೆ ಬಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಸೇರಿಹೋಗಿದೆ. ನಮ್ಮ ರಾಜ್ಯದ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲ್ ಜೊತೆಗೂಡಿ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳನ್ನು ಸ್ಕೌಟ್ ಎಂಬ ಯೋಜನೆಯಲ್ಲಿ ಬ್ರಿಟನ್ನಿಗೆ ಕಳಿಸಿದೆ. ಇವುಗಳಲ್ಲಿ ಕೆಲವು ನಿಂತಿವೆ, ಕೆಲವು ರೂಪ ಬದಲಿಸಿವೆ. ಆದರೆ ಎಲ್ಲದರ ಹಿಂದಿರುವ ನಂಬಿಕೆ ಒಂದೇ: ಎಳೆಯ ಸಂಶೋಧಕರು ಬೇರೆಯವರ ಪ್ರಯೋಗಾಲಯದಲ್ಲಿ ಕೆಲಕಾಲ ಕೈಯಾಡಿಸಿ ಬಂದರೆ ಅವರಿಗೂ ದೇಶಕ್ಕೂ ಒಳ್ಳೆಯದು. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡದೆ ಒಪ್ಪಿಕೊಳ್ಳಬಾರದು.

ಹೋಗಿ ಬಂದ ವಿದ್ಯಾರ್ಥಿಗಳ ಮಾತಿನಲ್ಲಿ ಸಾಮಾನ್ಯವಾಗಿ ಮೊದಲು ಬರುವುದು ಉಪಕರಣಗಳ ಸಂಗತಿ. ಇಲ್ಲಿ ರಸಾಯನವಿಜ್ಞಾನ ಅಥವಾ ಪದಾರ್ಥ ವಿಜ್ಞಾನದ ಸಂಶೋಧಕರು ತಾವು ತಯಾರಿಸಿದ ಪುಡಿಯನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಧಾರವಾಡಕ್ಕೋ ಬೆಂಗಳೂರಿಗೋ ಕೊಚ್ಚಿಗೋ ಕಳಿಸುತ್ತಾರೆ. ಮಾದರಿಗೆ ಇಷ್ಟು ಎಂದು ಶುಲ್ಕ ಕಟ್ಟುತ್ತಾರೆ, ವಾರಗಟ್ಟಲೆ ಕಾಯುತ್ತಾರೆ, ಡೇಟಾ ಬಂದ ಮೇಲೆ ಗ್ರಾಫ್ ಹಾಕುತ್ತಾರೆ. ಯಂತ್ರವನ್ನು ಕಣ್ಣಾರೆ ನೋಡದೆಯೇ ಅದರ ಫಲಿತಾಂಶವನ್ನು ಪ್ರಬಂಧದಲ್ಲಿ ವಿವರಿಸಬೇಕಾದ ಸ್ಥಿತಿ ಇದು. ಹೊರದೇಶದ ಒಳ್ಳೆಯ ಪ್ರಯೋಗಾಲಯದಲ್ಲಿ ಮೊದಲ ವಾರ ಸುರಕ್ಷತಾ ತರಬೇತಿಯಲ್ಲಿ ಕಳೆಯುತ್ತದೆ. ಆಮೇಲೆ ವಿದ್ಯಾರ್ಥಿಯೇ ಯಂತ್ರದ ಮುಂದೆ ಕೂರಬೇಕು, ಸಮಯ ಕಾದಿರಿಸಿಕೊಳ್ಳಬೇಕು, ಕೆಟ್ಟರೆ ಯಾಕೆ ಕೆಟ್ಟಿತೆಂದು ಬರೆದಿಡಬೇಕು. ಎರಡನೆಯ ಸಂಗತಿ ವಾರದ ಗುಂಪು ಸಭೆ. ಸೋತ ಪ್ರಯೋಗವನ್ನು ಅಲ್ಲಿ ಮುಚ್ಚಿಡುವುದಿಲ್ಲ. ಅದನ್ನೇ ಎಲ್ಲರ ಮುಂದಿಟ್ಟು ಚರ್ಚಿಸುತ್ತಾರೆ. ಮೊದಲ ವರ್ಷದ ವಿದ್ಯಾರ್ಥಿ ಪ್ರೊಫೆಸರರ ಮಾತನ್ನು ತಡೆದು ಪ್ರಶ್ನೆ ಕೇಳಬಹುದು. ನಮ್ಮಲ್ಲಿ ಗೈಡ್ ಎದುರು ಕುರ್ಚಿಯ ಅಂಚಿನಲ್ಲಿ ಕೂತು ಅಭ್ಯಾಸವಾದವರಿಗೆ ಈ ಸಲುಗೆ ಬರಲು ಕೆಲವು ವಾರಗಳೇ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ತೊಡಕು ಇನ್ನೊಂದಿದೆ. ಪುಸ್ತಕದ ಇಂಗ್ಲಿಷ್ ಚೆನ್ನಾಗಿ ಅರ್ಥವಾಗುತ್ತದೆ, ಆದರೆ ವೇಗವಾಗಿ ಹರಿಯುವ ಮಾತು ಕಿವಿಗೆ ಸಿಗುವುದಿಲ್ಲ. ಸಂಜೆಯಾದರೆ ಎಲ್ಲರೂ ಮನೆಗೆ ಹೋಗಿ ಪ್ರಯೋಗಾಲಯ ಖಾಲಿಯಾಗುತ್ತದೆ; ಬಾಡಿಗೆ ಕೋಣೆಯ ಒಂಟಿತನ, ಅನ್ನ–ಸಾರಿನ ಹಂಬಲ, ಊರಿಗೆ ಮಾಡುವ ವೀಡಿಯೊ ಕರೆ, ಇವೆಲ್ಲ ಆ ದಿನಗಳ ಭಾಗವೇ. ಇದನ್ನು ದೌರ್ಬಲ್ಯವೆಂದು ನೋಡುವವರಿದ್ದಾರೆ, ಅದು ತಪ್ಪು. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಯಾರಿಗಾದರೂ ಸಮಯ ಬೇಕು. ಸಮಯವೇ ಕಡಿಮೆಯಿರುವ ಯೋಜನೆಯಲ್ಲಿ ಆ ಖರ್ಚನ್ನು ಮೊದಲೇ ಲೆಕ್ಕ ಹಾಕಬೇಕು, ಅಷ್ಟೆ.

ಇಷ್ಟೆಲ್ಲ ಕಷ್ಟಪಟ್ಟು ಹೋಗುವುದೇಕೆ, ಪ್ರಬಂಧಗಳು ಅಂತರಜಾಲದಲ್ಲಿವೆ, ಸಭೆಗಳು ಪರದೆಯ ಮೇಲೆ ನಡೆಯುತ್ತವೆ ಎಂಬ ಆಕ್ಷೇಪ ಕೋವಿಡ್ ನಂತರ ಬಲವಾಗಿದೆ. ಇದಕ್ಕೆ ವಿಜ್ಞಾನದ ಸಮಾಜಶಾಸ್ತ್ರದಲ್ಲೇ ಗಟ್ಟಿ ಉತ್ತರವಿದೆ. ಬ್ರಿಟನ್ನಿನ ಹ್ಯಾರಿ ಕಾಲಿನ್ಸ್ 1970ರ ದಶಕದಲ್ಲಿ ಟಿಇಎ ಎಂಬ ಒಂದು ಬಗೆಯ ಲೇಸರನ್ನು ಬೇರೆ ಬೇರೆ ಪ್ರಯೋಗಾಲಯಗಳು ಹೇಗೆ ಕಟ್ಟಿದವೆಂದು ಹಿಂಬಾಲಿಸಿ ನೋಡಿದರು. ಬರೀ ಪ್ರಕಟಿತ ಪ್ರಬಂಧ ಓದಿ ಅದನ್ನು ಕಟ್ಟಿ ನಡೆಸಿದ ಒಂದು ಗುಂಪೂ ಅವರಿಗೆ ಸಿಗಲಿಲ್ಲ. ಗೆದ್ದವರೆಲ್ಲ ಅದಾಗಲೇ ಕಟ್ಟಿದ್ದವರ ಒಡನಾಟದಲ್ಲಿದ್ದವರು. ಅವರ ಇನ್ನೊಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ನೀಲಮಣಿ ಹರಳು ಕಂಪನವನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಅಳತೆಯನ್ನು ಮಾಸ್ಕೋದ ವಿಜ್ಞಾನಿಗಳು ಮಾಡಿದ್ದರು. ಗುರುತ್ವ ಅಲೆಗಳನ್ನು ಹಿಡಿಯುವ ಉಪಕರಣಗಳಿಗೆ ಆ ಸಂಖ್ಯೆ ಬೇಕಾಗಿತ್ತು. ಸುಮಾರು 20 ವರ್ಷ ಪಶ್ಚಿಮದ ಯಾವ ಪ್ರಯೋಗಾಲಯಕ್ಕೂ ಅದನ್ನು ಮತ್ತೆ ಮಾಡಿ ತೋರಿಸಲು ಆಗಲಿಲ್ಲ. ಕೊನೆಗೆ ಮಾಸ್ಕೋ ಮತ್ತು ಗ್ಲಾಸ್ಗೋ ನಡುವೆ ವಿಜ್ಞಾನಿಗಳು ಹೋಗಿ ಬಂದು, ಒಟ್ಟಿಗೆ ಕೂತು ಪ್ರಯೋಗ ಮಾಡಿದ ಮೇಲೆ 1999ರಲ್ಲಿ ಗ್ಲಾಸ್ಗೋದಲ್ಲಿ ಅದು ಸಾಧ್ಯವಾಯಿತು. ಹರಳನ್ನು ಯಾವ ದಾರದಲ್ಲಿ ತೂಗುಹಾಕಬೇಕು, ಆ ದಾರಕ್ಕೆ ಎಷ್ಟು ಜಿಡ್ಡು ಸವರಬೇಕು ಎಂಬಂಥ ವಿವರಗಳು ಪ್ರಬಂಧದಲ್ಲಿ ಬರುವುದಿಲ್ಲ. ಮಾಡುವವರ ಪಕ್ಕದಲ್ಲಿ ನಿಂತಾಗಲೇ ತಿಳಿಯುತ್ತವೆ. ಗ್ಲಾಸ್ಗೋದವರು ದಡ್ಡರಾಗಿರಲಿಲ್ಲ, ಅವರಿಗೆ ಹಣದ ಕೊರತೆಯೂ ಇರಲಿಲ್ಲ. ಅಂಥವರಿಗೇ ಭೇಟಿ ಬೇಕಾಯಿತೆಂದರೆ ತೋಳಹುಣಸೆಯ ವಿದ್ಯಾರ್ಥಿಗೆ ಪರದೆ ಸಾಕೆಂದು ಹೇಳುವುದು ನ್ಯಾಯವಲ್ಲ.

ಇನ್ನೂ ಗಂಭೀರವಾದ ಆಕ್ಷೇಪ ಅವಧಿಯದ್ದು. ಮೂರು ತಿಂಗಳಲ್ಲಿ ಸಂಶೋಧನೆ ಆಗುತ್ತದೆಯೇ? ಖಾಲಿ ಕೈಯಲ್ಲಿ ಹೋದರೆ ಖಂಡಿತ ಆಗುವುದಿಲ್ಲ. ಆತಿಥೇಯ ಪ್ರೊಫೆಸರರು ಒಂದು ಸಣ್ಣ ಕೆಲಸ ಕೊಡುತ್ತಾರೆ, ಅದು ಅವರ ದೊಡ್ಡ ಯೋಜನೆಯ ಒಂದು ಚೂರು. ವಿದ್ಯಾರ್ಥಿ ಅದನ್ನು ಅರ್ಧ ಮಾಡುವಷ್ಟರಲ್ಲಿ ಹೊರಡುವ ದಿನ ಬರುತ್ತದೆ. ಆದರೆ ಚಿತ್ರದುರ್ಗದ ನೆಲವೇ ಬೇರೊಂದು ಸಾಧ್ಯತೆಯನ್ನು ತೋರಿಸುತ್ತದೆ. ಗದಗಿನಿಂದ ಶ್ರೀರಂಗಪಟ್ಟಣದ ಕಡೆಗೆ ಉದ್ದಕ್ಕೂ ಹಬ್ಬಿದ ಚಿತ್ರದುರ್ಗ ಶಿಸ್ಟ್ ಪಟ್ಟಿ ಹೊಸದುರ್ಗ, ಹೊಳಲ್ಕೆರೆಗಳ ಮೇಲೆಯೇ ಹಾದುಹೋಗುತ್ತದೆ. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಧಾರವಾಡ ಶಿಲೆಗಳೆಂದು ಗುರುತಿಸಿದ ಈ ಬಂಡೆಗಳು ಭೂಮಿಯ ಬಾಲ್ಯದ ದಾಖಲೆ. ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿ ನೀರಿನಡಿ ಹೆಪ್ಪುಗಟ್ಟಿದ ದಿಂಬಿನಾಕಾರದ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಈ ಪಟ್ಟಿಯ ಜ್ವಾಲಾಮುಖಿ ಶಿಲೆಗಳ ವಯಸ್ಸನ್ನು 1996ರಲ್ಲಿ ನಟ್ಮನ್, ಚಾಡ್ವಿಕ್, ಕೃಷ್ಣರಾವ್, ವಾಸುದೇವ್ ಅವರ ತಂಡ ಸುಮಾರು 261 ಕೋಟಿ ವರ್ಷವೆಂದು ಪ್ರಕಟಿಸಿತು. ಅದಕ್ಕೆ ಬಳಸಿದ್ದು ಶ್ರಿಂಪ್, ಅಂದರೆ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಕಾಂಪ್‌ಸ್ಟನ್ ತಂಡ ರೂಪಿಸಿದ ಅಯಾನು ಯಂತ್ರ. ಇಂಥ ಕೆಲಸದಲ್ಲಿ ಸಮಯ ಹೇಗೆ ಹಂಚಿಹೋಗುತ್ತದೆ ನೋಡಬೇಕು. ಸರಿಯಾದ ಬಂಡೆ ಗುರುತಿಸುವುದು, ನಕ್ಷೆಯಲ್ಲಿ ಜಾಗ ಹಾಕುವುದು, ಕುಟ್ಟಿ ಜರಡಿ ಹಿಡಿಯುವುದು, ಭಾರದ್ರವದಲ್ಲಿ ಬೇರ್ಪಡಿಸುವುದು, ಸೂಕ್ಷ್ಮದರ್ಶಕದಡಿ ಒಂದೊಂದೇ ಜಿರ್ಕಾನ್ ಹರಳನ್ನು ಹೆಕ್ಕುವುದು, ಇವಕ್ಕೆ ತಿಂಗಳುಗಳು ಬೇಕು, ಮತ್ತು ಇವನ್ನೆಲ್ಲ ಇಲ್ಲಿಯೇ ಮಾಡಬಹುದು. ಯಂತ್ರದ ಮೇಲಿನ ಅಳತೆಗೆ ಬೇಕಾದ್ದು ಕೆಲವೇ ದಿನ. ಉಳಿದ ವಾರಗಳು ಅಳತೆಯ ತಪ್ಪುಗಳನ್ನು ಅರಿಯುವುದಕ್ಕೆ, ಲೆಕ್ಕ ಕಲಿಯುವುದಕ್ಕೆ, ಅಲ್ಲಿಯವರೊಂದಿಗೆ ವಾದಿಸುವುದಕ್ಕೆ ಒದಗುತ್ತವೆ. ಹೀಗೆ ತಯಾರಾಗಿ ಹೋದವರಿಗೆ ಮೂರು ತಿಂಗಳು ಧಾರಾಳ ಅವಧಿ.

ಬಂಡೆಯ ಮಾತು ಭೂವಿಜ್ಞಾನಕ್ಕಷ್ಟೇ ಸಲ್ಲುತ್ತದೆ ಎನ್ನಬಹುದು. ಹಾಗೇನಿಲ್ಲ. ಈ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ. ಅದನ್ನು ಹೊರತೆಗೆಯುವ ಅಗ್ಗದ ವಿಧಾನ ಹುಡುಕುವುದು ರಸಾಯನವಿಜ್ಞಾನಿಗೆ ಜೀವಮಾನದ ಕೆಲಸ. ಅಮೃತ್ ಮಹಲ್ ಕಾವಲುಗಳ ಹುಲ್ಲುಗಾವಲು ಪರಿಸರ ವಿಜ್ಞಾನಿಗೆ ದೊಡ್ಡ ಪ್ರಯೋಗಭೂಮಿ. ಕನ್ನಡಿಗರಿಗೆ ಚಿರಪರಿಚಿತರಾದ ಬಿ.ಜಿ.ಎಲ್. ಸ್ವಾಮಿಯವರ ಉದಾಹರಣೆ ಇಲ್ಲಿ ಹೇಳಲೇಬೇಕು, ಅವರ ಹಾರ್ವರ್ಡ್ ವಾಸ ಅಲ್ಪಾವಧಿಯದ್ದಲ್ಲದಿದ್ದರೂ. 1940ರ ದಶಕದ ಕೊನೆಯಲ್ಲಿ ಅಲ್ಲಿಯ ಸಸ್ಯವಿಜ್ಞಾನಿ ಇರ್ವಿಂಗ್ ಬೇಲಿಯವರ ಬಳಿ ಹೋಗುವ ಹೊತ್ತಿಗೆ ಅವರು ಬೆಂಗಳೂರಿನ ಕಾಲೇಜಿನ ಸೀಮಿತ ಸೌಕರ್ಯದಲ್ಲೇ ಆರ್ಕಿಡ್‌ಗಳ ಭ್ರೂಣಶಾಸ್ತ್ರದ ಮೇಲೆ ಕೆಲಸ ಮಾಡಿ ಪ್ರಬಂಧಗಳನ್ನು ಪ್ರಕಟಿಸಿದ್ದವರು. ಬೇಲಿಯವರಿಗೆ ಸಿಕ್ಕಿದ್ದು ಶಿಷ್ಯನಷ್ಟೇ ಅಲ್ಲ, ಜೊತೆಗೆ ದುಡಿಯುವ ಸಂಶೋಧಕ. ಸಾರ್ಕ್ಯಾಂಡ್ರ ಎಂಬ ಸಸ್ಯದ ಕಾಂಡದಲ್ಲಿ ಹೂಬಿಡುವ ಗಿಡಗಳಲ್ಲಿ ಸಾಮಾನ್ಯವಾಗಿರುವ ನೀರ್ಗೊಳವೆಗಳಿಲ್ಲ ಎಂದು ಇಬ್ಬರೂ ಸೇರಿ 1950ರಲ್ಲಿ ಪ್ರಕಟಿಸಿದ ಪ್ರಬಂಧ ಸಸ್ಯಶಾಸ್ತ್ರದಲ್ಲಿ ಹೆಸರಾಯಿತು. ಆಮೇಲೆ ಸ್ವಾಮಿಯವರು ಆ ಕುಲದ ಒಂದು ಪ್ರಭೇದಕ್ಕೆ ಬೇಲಿಯವರ ಹೆಸರನ್ನೇ ಇಟ್ಟರು. ತನ್ನ ಕೆಲಸವನ್ನು ಹಿಡಿದುಕೊಂಡು ಹೋದವರಿಗೆ ಅಲ್ಲಿ ಸರಿಸಮನಾಗಿ ಕೂರಲು ಜಾಗ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಬೇಕು: ಜೀವಿಗಳ ಮಾದರಿಯನ್ನು ದೇಶದಾಚೆ ಒಯ್ಯಲು 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳಿವೆ, ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಕಡೆಯ ವ್ಯವಹಾರ ತಿಂಗಳುಗಳ ಮೊದಲೇ ಶುರುವಾಗಬೇಕು.

ಹಾಗಾದರೆ ನಮ್ಮ ವಿದ್ಯಾರ್ಥಿಗಳು ಈ ಯೋಜನೆಗಳಲ್ಲಿ ಯಾಕೆ ಅಪರೂಪ? ಅರ್ಜಿಯ ನಮೂನೆಯನ್ನೇ ಓದಿದರೆ ಅರ್ಧ ಉತ್ತರ ಸಿಗುತ್ತದೆ. ಆತಿಥೇಯ ಪ್ರೊಫೆಸರರ ಒಪ್ಪಿಗೆ ಪತ್ರ ಬೇಕು. ಅದು ಸಿಗುವುದು ಗೈಡ್‌ಗೆ ಅವರ ಪರಿಚಯವಿದ್ದರೆ. ಶಿಫಾರಸು ಪತ್ರ ಬೇಕು. ಅದರ ತೂಕ ಬರೆದವರ ಸಂಸ್ಥೆಯ ಹೆಸರಿನ ಮೇಲೆ ನಿಂತಿದೆ. ಮುಖ್ಯವಾಗಿ ಹಣ ಬೇಕು. ಎನ್‌ಇಟಿ ಪಾಸಾಗಿ ಜೆಆರ್‌ಎಫ್ ಪಡೆದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಇದೆ. ಎನ್‌ಇಟಿ ಇಲ್ಲದವರಿಗೆ ಯುಜಿಸಿ ಕೊಡುವ ತಿಂಗಳ 8,000 ರೂಪಾಯಿಯೂ ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಮಾತ್ರ. ರಾಜ್ಯದ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ ಅದೂ ಇಲ್ಲ. ವಿಮಾನದ ಟಿಕೆಟ್, ವಿಮೆ, ಕೋಣೆಯ ಮುಂಗಡ, ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ 90 ಯೂರೊ, ಇವನ್ನು ಎಷ್ಟೋ ಕಡೆ ಮೊದಲು ಕೈಯಿಂದ ಹಾಕಿ ಆಮೇಲೆ ಬಿಲ್ ಕೊಟ್ಟು ವಾಪಸ್ ಪಡೆಯಬೇಕು. ಅಮೆರಿಕದ ವೀಸಾ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಿ ಬರುವುದು ರೂಢಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗಲೂ ವೀಸಾ ಸೇವೆ ಜೊತೆಗೇ ಬರಲಿಲ್ಲ. ಅಡಿಕೆ ಅಥವಾ ತೆಂಗಿನ ತೋಟದ ಸಣ್ಣ ಹಿಡುವಳಿದಾರರ ಮನೆಯಲ್ಲಿ ಇಷ್ಟು ಹಣವನ್ನು ಒಮ್ಮೆಗೇ ಹೊಂದಿಸುವುದೆಂದರೆ ಸಾಲ. ಹೆಣ್ಣುಮಕ್ಕಳ ವಿಷಯದಲ್ಲಿ ಹಣದ ಜೊತೆಗೆ ಮನೆಯವರ ಒಪ್ಪಿಗೆಯ ಗೋಡೆಯೂ ಇದೆ. ಮದುವೆಯ ವಯಸ್ಸಿನ ಮಗಳನ್ನು ಒಬ್ಬಳೇ ಕಳಿಸುವುದು ಹೇಗೆ ಎಂಬ ಅಳುಕು ನಮ್ಮ ಊರುಗಳಲ್ಲಿ ಈಗಲೂ ಜೀವಂತವಾಗಿದೆ. ಇಷ್ಟು ಜರಡಿಗಳನ್ನು ದಾಟಿದವರು ಅತ್ಯುತ್ತಮ ಪ್ರಶ್ನೆಯುಳ್ಳವರೇ ಆಗಿರುತ್ತಾರೆಂಬ ಖಾತ್ರಿಯಿಲ್ಲ.

ಇದೇ ಹಣವನ್ನು ಇಲ್ಲಿಯ ಪ್ರಯೋಗಾಲಯಕ್ಕೆ ಹಾಕಿದರೆ ಹತ್ತು ಜನಕ್ಕೆ ಉಪಯೋಗವಾಗುತ್ತದಲ್ಲ ಎನ್ನುವವರ ಮಾತಿಗೆ ನಾನು ಬೆಲೆ ಕೊಡುತ್ತೇನೆ. ಅದರಲ್ಲಿ ನಿಜವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ನಡೆಸುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ನಮ್ಮ ಕಾಲೇಜುಗಳ ನೋಟಿಸ್ ಬೋರ್ಡಿಗೂ ಬರಬೇಕು. ಹೊರದೇಶಕ್ಕೆ ಹೋಗುವ ಮೊದಲು ದೇಶದೊಳಗೆ ಇನ್ನೊಂದು ಪ್ರಯೋಗಾಲಯ ನೋಡಿರುವುದು ಒಳ್ಳೆಯ ಮೆಟ್ಟಿಲು. ಜಿರ್ಕಾನ್ ವಯಸ್ಸು ಅಳೆಯುವ ಯಂತ್ರ ಈಗ ದೆಹಲಿಯ ಅಂತರ ವಿಶ್ವವಿದ್ಯಾಲಯ ಆಕ್ಸಿಲರೇಟರ್ ಕೇಂದ್ರಕ್ಕೂ ಬಂದಿದೆ. ಅನುಸಂಧಾನ ಪ್ರತಿಷ್ಠಾನದ ಪೇರ್ ಯೋಜನೆಯೂ ದೊಡ್ಡ ಸಂಸ್ಥೆಯೊಂದರ ಸುತ್ತ ಸಣ್ಣ ವಿಶ್ವವಿದ್ಯಾಲಯಗಳನ್ನು ಜೋಡಿಸಲು ಹೊರಟಿದೆ. ಆದರೆ ಯಂತ್ರ ಕೊಂಡು ತಂದ ಮಾತ್ರಕ್ಕೆ ಪ್ರಯೋಗಾಲಯವಾಗುವುದಿಲ್ಲ. ನಡೆಸಲು ಬಲ್ಲವರಿಲ್ಲದೆ, ದುರಸ್ತಿಗೆ ಹಣವಿಲ್ಲದೆ ಬಟ್ಟೆ ಹೊದ್ದು ಕೂತ ಉಪಕರಣಗಳು ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಅಪರೂಪವಲ್ಲ. ಚೆನ್ನಾಗಿ ನಡೆಯುವ ಪ್ರಯೋಗಾಲಯದಲ್ಲಿ ಮೂರು ತಿಂಗಳು ದುಡಿದು ಬಂದ ಒಬ್ಬರು ಇದ್ದರೆ ಅಂಥ ಯಂತ್ರಕ್ಕೆ ಜೀವ ಬರುತ್ತದೆ. ಎರಡೂ ಖರ್ಚು ಒಂದನ್ನೊಂದು ಬೇಡುತ್ತವೆ.

ಕಳಿಸಿದರೆ ಅಲ್ಲಿಯೇ ಉಳಿದುಬಿಡುತ್ತಾರೆ ಎಂಬ ಹಳೆಯ ಭಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪದವಿ ಇಲ್ಲಿಯದು, ಪ್ರಬಂಧ ಒಪ್ಪಿಸುವುದು ಇಲ್ಲಿ. 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ವಿಶ್ಲೇಷಣೆ ಲಕ್ಷಾಂತರ ಪ್ರಬಂಧಗಳ ಲೇಖಕರ ವಿಳಾಸಗಳನ್ನು ಪರಿಶೀಲಿಸಿ, ದೇಶ ದಾಟಿದ ಸಂಶೋಧಕರಲ್ಲಿ ಹೆಚ್ಚಿನವರು ತಮ್ಮ ಮೂಲ ದೇಶದ ನಂಟನ್ನು ಕಡಿದುಕೊಳ್ಳುವುದಿಲ್ಲವೆಂದು ತೋರಿಸಿತು. ಅವರ ಪ್ರಬಂಧಗಳು ಒಂದೇ ದೇಶದಲ್ಲಿ ಉಳಿದವರದ್ದಕ್ಕಿಂತ ಸುಮಾರು ಶೇಕಡಾ 40ರಷ್ಟು ಹೆಚ್ಚು ಉಲ್ಲೇಖ ಪಡೆದಿದ್ದವು. ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಹೊರಗೆ ಹೋಗುವವರು ಮೊದಲೇ ಒಳ್ಳೆಯ ಕೆಲಸ ಮಾಡುತ್ತಿದ್ದವರಿರಬಹುದು, ಹೋದದ್ದರಿಂದಲೇ ಉಲ್ಲೇಖ ಹೆಚ್ಚಿತೆಂದು ಇದು ಸಾಬೀತುಪಡಿಸುವುದಿಲ್ಲ. ಯುರೋಪಿನ ಎರಾಸ್ಮಸ್ ವಿನಿಮಯದ ಬಗ್ಗೆ 2014ರಲ್ಲಿ ಬಂದ ವರದಿ ಹೊಗಳಿದ ಉದ್ಯೋಗ ಲಾಭಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನನ್ನ ವಾದಕ್ಕೆ ಈ ಸಂದೇಹ ವಿರೋಧಿಯಲ್ಲ, ಪೂರಕ. ಲಾಭ ನಿಂತಿರುವುದು ಹೊರಡುವ ಮೊದಲಿನ ಸಿದ್ಧತೆಯ ಮೇಲೆ ಎಂದಾದರೆ, ಸಾರ್ವಜನಿಕ ಹಣ ಹರಿಯಬೇಕಾದ್ದೂ ಆ ಸಿದ್ಧತೆಗೇ.

ಮರಳಿದ ಮೇಲಿನ ಪಾಡು ಎಲ್ಲಕ್ಕಿಂತ ನೋವಿನದು. ಹೋಗುವಾಗ ಹಾರ ಹಾಕುವ ವಿಭಾಗ, ಬಂದ ಮೇಲೆ ಒಂದು ಪಿಪಿಟಿ ತೋರಿಸಿ ಎಂದು ಹೇಳಿ ಮರೆತುಬಿಡುತ್ತದೆ. ಅಲ್ಲಿ ಕಲಿತ ವಿಧಾನಕ್ಕೆ ಬೇಕಾದ ರಾಸಾಯನಿಕ ಇಲ್ಲಿ ಟೆಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗುಂಪು ಸಭೆಯ ಅಭ್ಯಾಸ ತಂದವರನ್ನು ದೊಡ್ಡ ಮಾತಾಡುತ್ತಾರೆಂದು ನೋಡುವವರೂ ಇದ್ದಾರೆ. ಇದು ಬದಲಾಗಬೇಕಾದರೆ ಭೇಟಿ ಎರಡೂ ಕಡೆಯಿಂದ ನಡೆಯಬೇಕು. ಚಿತ್ರದುರ್ಗದ ಬಂಡೆಗಳನ್ನು ನೋಡಲು ಹೊರದೇಶದ ಭೂವಿಜ್ಞಾನಿಗಳು ದಶಕಗಳಿಂದ ಬರುತ್ತಿದ್ದಾರೆ. ಅವರು ಬಂದು ಮಾದರಿ ಒಯ್ದು ಹೋಗುವುದರ ಬದಲು ಇಲ್ಲಿಯ ವಿದ್ಯಾರ್ಥಿಗಳ ಜೊತೆ ಒಂದು ವಾರ ಬೆಟ್ಟ ಸುತ್ತಲಿ, ಅದರಲ್ಲೊಬ್ಬರನ್ನು ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಳ್ಳಲಿ. ಮರು ವರ್ಷ ಅವರ ವಿದ್ಯಾರ್ಥಿ ತೋಳಹುಣಸೆಗೆ ಬಂದು ಕೆಲಸ ಮಾಡಲಿ.

ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿಗೂ ನಮ್ಮ ವಿಶ್ವವಿದ್ಯಾಲಯಗಳ ಆಡಳಿತಕ್ಕೂ ನನ್ನ ಬೇಡಿಕೆ ಇದು. ವಿಜ್ಞಾನದ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕ ಅಲ್ಪಾವಧಿ ಯೋಜನೆ ಮಾಡಿ. ಆಯ್ಕೆಯಲ್ಲಿ ಅಂಕಪಟ್ಟಿಗಿಂತ ಮೊದಲು ಎರಡು ಪುಟದ ಸಂಶೋಧನಾ ಪ್ರಶ್ನೆಯನ್ನು ಓದಿ; ಆ ಎರಡು ಪುಟವನ್ನು ಕನ್ನಡದಲ್ಲೂ ಬರೆಯಲು ಬಿಡಿ. ಟಿಕೆಟ್ ಮತ್ತು ವೀಸಾದ ಹಣವನ್ನು ಮುಂಗಡವಾಗಿ ಕೊಡಿ, ಬಿಲ್ ತರಲು ಹೇಳಬೇಡಿ. ಹಿಂದಿರುಗಿದ ಪ್ರತಿಯೊಬ್ಬರ ವಿಭಾಗಕ್ಕೆ ಒಂದು ವರ್ಷದ ಮಟ್ಟಿಗೆ ಸಣ್ಣ ಅನುದಾನ ಇಡಿ, ಮತ್ತು ವರ್ಷದ ಕೊನೆಗೆ ಅಲ್ಲಿ ಏನು ಮುಂದುವರಿಯಿತೆಂದು ಹೋಗಿ ನೋಡಿ.